ಮಿಕ್ಸಿ ಇಪ್ಪತ್ತೈದು ವರ್ಷ ಬಾಳಿದ್ದು ಹೇಗೆ

ನಾನು ಎರಡು ಕೆಲಸ ಮಾಡುತ್ತೇನೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಲ್ಯಾಬಿನಲ್ಲಿ ಕೂತು ಊರಿನ ಬೊಚ್ಚುಬಾಯಿಗಳಿಗೆಲ್ಲ ಹಲ್ಲಿನ ಸೆಟ್ ತಯಾರಿಸುತ್ತೇನೆ. ಉಳಿದ ಹೊತ್ತಿನಲ್ಲಿ ನಾನು ರ‍್ಯಾಪರ್. ಈ ಎರಡನೆಯದನ್ನು ಹೇಳಿದ ಕೂಡಲೇ ಎದುರಿಗಿದ್ದವರು ಮೊದಲು ನನ್ನ ತಲೆ ನೋಡುತ್ತಾರೆ, ಆಮೇಲೆ ಹೊಟ್ಟೆ ನೋಡುತ್ತಾರೆ, ಆಮೇಲೆ ಹಲ್ಲಿನ ವಿಷಯವಾಗಿ ಪ್ರಶ್ನೆ ಕೇಳುತ್ತಾರೆ. ನನಗೇನೂ ಬೇಜಾರಿಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಸ್ಟೇಜಿನ ಮೇಲೆ ಎಗರಾಡುವ ಬೊಜ್ಜಿನ ಗಂಡಸನ್ನು ನಾನೇ ಬೀದಿಯಲ್ಲಿ ಕಂಡಿದ್ದರೆ ಆಚೆ ಫುಟ್‌ಪಾತಿಗೆ ದಾಟಿಬಿಡುತ್ತಿದ್ದೆ.

ಸ್ಟೇಜಿನ ಮೇಲೆ ನನ್ನ ಹೆಸರು ಮಿಕ್ಸಿ. ಅದು ನಾನು ಇಟ್ಟುಕೊಂಡದ್ದಲ್ಲ, ಅಕ್ಕ ಇಟ್ಟದ್ದು. ಚಿಕ್ಕಂದಿನಲ್ಲಿ ನಾನು ಬಾಯಿ ತೆರೆದರೆ ಒಳಗೆ ಏನು ಹಾಕಿದ್ದಾರೆಂದು ಯಾರಿಗೂ ತಿಳಿಯದ ಹಾಗೆ ಎಲ್ಲವೂ ಅರೆದು ಒಂದಾಗಿ ಹೊರಗೆ ಬರುತ್ತಿತ್ತಂತೆ. "ಅಮ್ಮಾ, ಇದಕ್ಕೊಂದು ಮುಚ್ಚಳ ಹಾಕು, ಗೋಡೆಗೆಲ್ಲ ಹಾರ್ತಿದೆ!" ಎಂದು ಅವಳು ಕೂಗುತ್ತಿದ್ದಳು. ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹಗಲೆಲ್ಲ ಹೊಲಿಗೆ ಕಾರ್ಖಾನೆಯಲ್ಲಿ ಇರುತ್ತಿದ್ದುದರಿಂದ ನನ್ನ ಮೂಗು ಒರೆಸಿದವಳು, ಕಿವಿ ಹಿಂಡಿದವಳು, ಶಾಲೆಗೆ ದರದರ ಎಳೆದುಕೊಂಡು ಹೋದವಳು ಎಲ್ಲ ಅವಳೇ.

ನನಗೆ ಹೆಸರು ತಂದುಕೊಟ್ಟದ್ದು ಒಂದೇ ಒಂದು ಹಾಡು, 'ಲೈನಲ್ಲಿರಿ'. ಇಪ್ಪತ್ತೈದು ವರ್ಷಗಳಿಂದ ನನ್ನನ್ನು ಯಾರು ಎಲ್ಲಿಗೆ ಕರೆದರೂ ಈ ಹಾಡಿಗಾಗಿ ಕರೆಯುತ್ತಾರೆ. ಉಳಿದ ಮೂವತ್ತು ಹಾಡುಗಳನ್ನು ನಾನು ಶುರು ಮಾಡಿದರೆ ಜನ ಟಾಯ್ಲೆಟ್ಟಿಗೆ ಹೋಗಿ ಬರುತ್ತಾರೆ. ಆ ಮೂವತ್ತನ್ನೂ ಬರೆದವನು ನಾನು. 'ಲೈನಲ್ಲಿರಿ' ಬರೆದವಳು ಅಕ್ಕ. ಕಾಗದದ ಮೇಲೆ ಇದನ್ನು ಎಷ್ಟು ಸಲೀಸಾಗಿ ಬರೆದುಬಿಟ್ಟೆ, ನೋಡಿ. ಬಾಯಿ ಬಿಟ್ಟು ಹೇಳುವ ಸಂಗತಿಯೇ ಬೇರೆ.

ಅಕ್ಕ ಆಗ ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಔಷಧಿ ಕೌಂಟರಿನ ಹಿಂದೆ, ಮೆಟ್ಟಿಲ ಕೆಳಗೆ ಅವಳ ಕೋಣೆ. ಕಿಟಕಿ ಇಲ್ಲ. ಎದುರಿಗೆ ಮಿಣುಕುವ ಕೆಂಪು ದೀಪಗಳ ಬೋರ್ಡು, ಕಿವಿಗೆ ಹೆಡ್‌ಫೋನ್, ಕುರ್ಚಿಯ ಮೇಲೆ ಮಡಚಿ ಹಾಕಿದ ಹಳೆಯ ಸ್ವೆಟರ್. ದಿನಕ್ಕೆ ಎಂಟು ಗಂಟೆ ಅಲ್ಲಿ ಕೂತು ಅವಳು ಹೊರಗಿನವರ ಗಾಬರಿಯನ್ನು ಒಳಗಿನವರ ಬೇಸರಕ್ಕೆ ಜೋಡಿಸುತ್ತಿದ್ದಳು. ಎರಡು ಕರೆಗಳ ನಡುವೆ ಒಂದಿಷ್ಟು ಬಿಡುವು ಸಿಕ್ಕರೆ, ಕಿವಿಗೆ ಬಿದ್ದದ್ದನ್ನು ರದ್ದಿ ಚೀಟಿಗಳ ಬೆನ್ನಿಗೆ ಗೀಚಿ ಡ್ರಾಯರಿನಲ್ಲಿ ತುರುಕುತ್ತಿದ್ದಳು.

ನನಗಾಗ ಇಪ್ಪತ್ತಾರು. ರ‍್ಯಾಪ್ ಶುರು ಮಾಡಿ ಕೆಲವು ತಿಂಗಳಾಗಿತ್ತು. ನನ್ನ ಹಾಡುಗಳಲ್ಲಿ ನಾನು ಸಿಂಹ, ನಾನು ಬೆಂಕಿ, ನಾನು ಬೀದಿಯ ರಾಜ. ನಿಜವಾಗಿ ನಾನು ಹಗಲೆಲ್ಲ ಮೇಣದಲ್ಲಿ ದವಡೆ ಕೆತ್ತಿ, ಸಂಜೆ ಏಳಕ್ಕೆ ಮನೆ ಸೇರದಿದ್ದರೆ ಅಮ್ಮನಿಂದ ಬೈಸಿಕೊಳ್ಳುವ ಸಿಂಹ. ಒಂದು ದಿನ ಅಕ್ಕ ಮನೆಯಲ್ಲೇ ಮರೆತು ಹೋಗಿದ್ದ ಊಟದ ಡಬ್ಬಿ ಕೊಡಲು ಅವಳ ಕೋಣೆಗೆ ಹೋದೆ. ಅವಳು ಕೈ ತೊಳೆಯಲು ಹೊರಗೆ ಹೋದಾಗ ಚಮಚ ಹುಡುಕುತ್ತ ಡ್ರಾಯರ್ ಎಳೆದೆ. ಚೀಟಿಗಳು ಸಿಕ್ಕವು. ಮೊದಲನೆಯದನ್ನು ಓದುವಾಗಲೇ ಕಾಲು ತಾನಾಗಿ ತಾಳ ಹಾಕತೊಡಗಿತು.

ಹಲೋ ಯಾರು, ಯಾವ ವಾರ್ಡು? ಲೈನಲ್ಲಿರಿ.
ಹೆರಿಗೆ ಆಯ್ತು, ಗಂಡ ಎಲ್ಲಿ? ಲೈನಲ್ಲಿರಿ.
ಡಾಕ್ಟ್ರು ಊಟಕ್, ನರ್ಸು ಓಟಕ್, ಲೈನಲ್ಲಿರಿ.
ಮೂರನೇ ಮಹಡಿ ತಾತಂಗೀಗ ಮಾತು ಬಂತಂತೆ,
ಮಾತಾಡೋಕೆ ಮಗನೇ ಇಲ್ಲ, ಲೈನಲ್ಲಿರಿ.

ಹೀಗೆ ನಲವತ್ತೆಂಟು ಸಾಲು. ಅಕ್ಕ ವಾಪಸ್ ಬರುವಷ್ಟರಲ್ಲಿ ನಾನು ಅದನ್ನು ಟೇಬಲ್ ಬಡಿಯುತ್ತ ಮಿಕ್ಸಿಯ ವೇಗದಲ್ಲಿ ಒದರುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ತಗೊಂಡು ಹೋಗೋ, ಹಾಡ್ಕೋ. ಆದ್ರೆ ನನ್ನ ಹೆಸರು ಎತ್ತಬೇಡ. ಆಸ್ಪತ್ರೆ ಫೋನಲ್ಲಿ ಕೇಳಿದ್ದು ಹೊರಗೆ ಹೋಯ್ತು ಅಂತ ಗೊತ್ತಾದ್ರೆ ಅವತ್ತೇ ಮನೆಗೆ ಕಳಿಸ್ತಾರೆ" ಎಂದಳು.

ಹಾಡು ಹತ್ತಿಕೊಂಡಿತು. ಟ್ಯಾಕ್ಸಿಯವರು ಹಾಕಿಕೊಂಡರು, ಶಾಲೆಯ ಮಕ್ಕಳು ಸಾಲಾಗಿ ನಿಂತಾಗ ಹೇಳಿಕೊಂಡರು, ಬ್ಯಾಂಕಿನ ಕ್ಯೂನಲ್ಲಿ ಒಬ್ಬರು 'ಲೈನಲ್ಲಿರಿ' ಎಂದರೆ ಹಿಂದಿನಿಂದ ಇನ್ನೊಬ್ಬರು ಮುಂದಿನ ಸಾಲು ಹೇಳುತ್ತಿದ್ದರು. "ಇಷ್ಟು ಸೂಕ್ಷ್ಮ ನಿಮಗೆ ಎಲ್ಲಿಂದ ಬಂತು?" ಎಂದು ಪತ್ರಿಕೆಯವರು ಕೇಳಿದಾಗ ನಾನು ಆಕಾಶ ನೋಡಿ, "ಜನರ ನಡುವೆ ಇರ್ತೀನಲ್ಲ" ಎಂದೆ. ನಾನಿದ್ದದ್ದು ಪ್ಲಾಸ್ಟರ್ ದವಡೆಗಳ ನಡುವೆ.

ಮೊದಲ ಹನ್ನೆರಡು ವರ್ಷ ನಾನು ಬಾಯಿ ಮುಚ್ಚಿಕೊಂಡದ್ದು ನ್ಯಾಯವಾಗಿತ್ತು. ಅಕ್ಕನ ಕೆಲಸ ಉಳಿಯಬೇಕಿತ್ತು. ಆಮೇಲೆ ಆಸ್ಪತ್ರೆಗೆ ತಾನೇ ಮಾತಾಡುವ ಯಂತ್ರ ಬಂತು, ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವಂಥದ್ದು. ಬೋರ್ಡನ್ನು ಕಿತ್ತು ಗುಜರಿಗೆ ಹಾಕಿ, ಅಕ್ಕನನ್ನು ನೆಲಮಾಳಿಗೆಯ ಹಳೆಯ ಫೈಲುಗಳ ವಿಭಾಗಕ್ಕೆ ತಳ್ಳಿದರು. "ಈಗ ಹೇಳ್ಬಹುದು ಕಣೋ, ನಾನು ಫೋನ್ ಹತ್ರವೇ ಇಲ್ಲವಲ್ಲ" ಎಂದಳು ಅಕ್ಕ. ನಾನು "ಹೂಂ" ಎಂದೆ. ಆ ವರ್ಷ ಹೇಳಲಿಲ್ಲ, ಗಂಟಲು ಕೆಟ್ಟಿತ್ತು. ಮುಂದಿನ ವರ್ಷ ಮೈಕು ಸರಿಯಿರಲಿಲ್ಲ. ಅದರ ಮುಂದಿನ ವರ್ಷ ಪ್ರೇಕ್ಷಕರು ಸರಿಯಿರಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಆ ಹಾಡನ್ನು ನನ್ನಿಂದ ತೆಗೆದರೆ ಉಳಿಯುವುದು ಒಂದು ಟೋಪಿ.

ಏಳು ವರ್ಷದ ಹಿಂದೆ, ನಾನು ವರ್ಷವರ್ಷವೂ ಹಾಡುವ ಹಾಲ್‌ನಲ್ಲಿ, ಅವಳು ಎದುರಿಗೇ ಕೂತಿದ್ದಳು, ಹೇಳಿಯೇ ತೀರುತ್ತೇನೆಂದು ಮಾತು ಕೊಟ್ಟಿದ್ದೆ. ಹೇಳಿದೆ ಕೂಡ. ಹೇಗೆ ಹೇಳಿದೆ ಎನ್ನುವುದನ್ನು ಹೇಳಲು ನಾಚಿಕೆಯಾಗುತ್ತದೆ. ಕೊನೆಯಲ್ಲಿ ಸೌಂಡಿನವರಿಗೆ, ಲೈಟಿನವರಿಗೆ, ಬಾಗಿಲು ಕಾಯುವವರಿಗೆ ಧನ್ಯವಾದ ಹೇಳುತ್ತೇವಲ್ಲ, ಅದರ ನಡುವೆ ಡ್ರಮ್ಮಿನ ಸದ್ದಿನ ಮೇಲೆ ನನ್ನ ಅತಿ ಹೆಚ್ಚಿನ ವೇಗದಲ್ಲಿ 'ಹಾಡುಬರೆದದ್ದುನನ್ನಕ್ಕ' ಎಂದು ಅರ್ಧ ಸೆಕೆಂಡಿನಲ್ಲಿ ತೂರಿಸಿಬಿಟ್ಟೆ. ಕೆಳಗೆ ಇಳಿದು ಬಂದು, "ಹೇಳಿದ್ನಲ್ಲಕ್ಕ!" ಎಂದು ಹಲ್ಲು ಕಿರಿದೆ.

"ಹೇಳ್ದೆ. ನಂಗೆ ಕೇಳಿಸ್ತು. ನಂಗೊಬ್ಬಳಿಗೇ ಕೇಳಿಸ್ತು" ಎಂದು ಅವಳು ಕೈಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು. ಆಮೇಲೆ ಆರು ವರ್ಷ ಅವಳು ಆ ಹಾಲ್ ಕಡೆ ತಲೆ ಹಾಕಲಿಲ್ಲ, ಹಾಡಿನ ಸುದ್ದಿಯನ್ನೂ ಎತ್ತಲಿಲ್ಲ. ಮನೆಗೆ ಹೋದರೆ ಟೀ ಕೊಡುತ್ತಿದ್ದಳು, ನನ್ನ ಬಿ.ಪಿ. ವಿಚಾರಿಸುತ್ತಿದ್ದಳು.

ಈ ವರ್ಷ ಎರಡು ಸುದ್ದಿ ಒಟ್ಟಿಗೆ ಬಂದವು. ಅಕ್ಕ ಕೆಲಸದಿಂದ ನಿವೃತ್ತಳಾದಳು. ಅದೇ ವಾರ, ಆ ಹಾಲ್‌ನವರು, ಹಿಂದೆ ಫ್ಯಾಕ್ಟರಿಯ ಕ್ಯಾಂಟೀನ್ ಆಗಿದ್ದ ಜಾಗ ಅದು, ನನ್ನ ಇಪ್ಪತ್ತೈದು ವರ್ಷಕ್ಕೆ ಸನ್ಮಾನ ಮಾಡುತ್ತೇವೆ ಎಂದರು. ಸುಮ್ಮನೆ ಹಾಡಿ ಇಳಿಯುವುದಲ್ಲ. ಹಾಡಾದ ಮೇಲೆ ಕುರ್ಚಿಯಲ್ಲಿ ಕೂತು, 'ರ‍್ಯಾಪಿನಲ್ಲಿ ದೀರ್ಘಕಾಲ ಉಳಿಯುವುದು ಹೇಗೆ' ಎಂದು ಹೊಸ ರ‍್ಯಾಪರುಗಳಿಗೆ ಇಪ್ಪತ್ತು ನಿಮಿಷ ಉಪದೇಶ ಮಾಡಬೇಕು. ಆ ಕಾರ್ಯಕ್ರಮ ನಡೆಸುವವನೊಬ್ಬ ಕನ್ನಡಕದ ಯುವಕ, ನನ್ನನ್ನು ಕಂಡರೆ ಮ್ಯೂಸಿಯಂ ನೋಡುವಷ್ಟು ಗೌರವ ಅವನಿಗೆ. "ಸರ್, ನೀವು ಈಗಲೂ ಹಾಡ್ತೀರಲ್ಲ, ಅದೇ ಆಶ್ಚರ್ಯ" ಎಂದ. ಅದನ್ನು ಹೊಗಳಿಕೆ ಅಂತಲೇ ಇಟ್ಟುಕೊಂಡೆ.

ಅಕ್ಕನಿಗೆ ಕಾರ್ಡು ಕೊಡಲು ಹೋದೆ. ಅವಳು ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಬರ್ತೀನಿ. ಆದ್ರೆ ಈ ಸಲ ಹೇಳ್ಬೇಕು."

"ಖಂಡಿತ ಹೇಳ್ತೀನಕ್ಕ."

"ನಿಧಾನವಾಗಿ ಹೇಳ್ಬೇಕು. ಹಾಲಿನ ಕೊನೇ ಸಾಲಿನವರಿಗೂ ಅರ್ಥ ಆಗ್ಬೇಕು."

"ಹೇಳದಿದ್ರೆ ಏನ್ ಮಾಡ್ತೀಯಾ?" ಎಂದು ತಮಾಷೆಗೆ ಕೇಳಿದೆ.

"ಏನ್ ಮಾಡ್ಲಿ? ಏನೂ ಮಾಡಲ್ಲ. ಸುಮ್ನಿರ್ತೀನಿ. ಅಭ್ಯಾಸ ಆಗಿದೆ ನಂಗೆ" ಎಂದಳು. ಬೈದಿದ್ದರೆ ಒರೆಸಿಕೊಂಡು ಬರುತ್ತಿದ್ದೆ. ಇದು ಒರೆಸಿದರೆ ಹೋಗುವಂಥದ್ದಲ್ಲ.

ಉಪದೇಶಕ್ಕೆ ಟಿಪ್ಪಣಿ ಮಾಡಿಕೊಳ್ಳತೊಡಗಿದೆ. ಇಷ್ಟು ವರ್ಷ ಹೇಗೆ ಉಳಿದೆ ಎಂದು ಪ್ರಾಮಾಣಿಕವಾಗಿ ಯೋಚಿಸಿದರೆ ಬರುವ ಉತ್ತರಗಳು ಸನ್ಮಾನಕ್ಕೆ ಒಪ್ಪುವಂಥವಲ್ಲ. ಹಗಲಿನ ಕೆಲಸ ಬಿಡಲಿಲ್ಲ, ಹಾಗಾಗಿ ರ‍್ಯಾಪ್ ನನ್ನನ್ನು ಸಾಕಬೇಕಾಗಿ ಬರಲಿಲ್ಲ, ಹಾಗಾಗಿ ಅದಕ್ಕೆ ನನ್ನ ಮೇಲೆ ಕೋಪ ಬರಲಿಲ್ಲ. ನನ್ನ ಜೊತೆಗೆ ಶುರು ಮಾಡಿದವರೆಲ್ಲ ನನಗಿಂತ ಪ್ರತಿಭಾವಂತರು, ಅದಕ್ಕೇ ಬೇರೆ ಕಡೆ ಕೆಲಸ ಸಿಕ್ಕಿ ಹೋದರು. ಹೆಂಡತಿ ಇಣುಕಿ ನೋಡಿ, "ನಾನು ಕಿವಿಗೆ ಹತ್ತಿ ಇಟ್ಕೊಂಡಿದ್ದನ್ನೂ ಬರೀರಿ" ಎಂದಳು. ಕೊನೆಯ ಹಾಳೆಯಲ್ಲಿ ಅಕ್ಕನ ವಿಷಯ ಬರೆದೆ. ಹೊಡೆದುಹಾಕಿದೆ. ಮತ್ತೆ ಬರೆದೆ.

ಇಷ್ಟರಲ್ಲಿ ಹಲ್ಲು ಕೈಕೊಟ್ಟವು. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಇಪ್ಪತ್ತೆಂಟು ವರ್ಷ ಊರವರಿಗೆಲ್ಲ ಹಲ್ಲು ಮಾಡಿಕೊಟ್ಟವನು ನನ್ನ ಒಸಡಿನ ಕಡೆ ನೋಡಿರಲಿಲ್ಲ. ಒಂದು ಬೆಳಗ್ಗೆ ಬ್ರೆಡ್ಡು ಕಚ್ಚಿದರೆ ಮೇಲಿನ ಮುಂದಿನ ಸಾಲು ಅಲ್ಲಾಡಿತು. ನಮ್ಮ ಲ್ಯಾಬಿನಿಂದಲೇ ಸೆಟ್ ತರಿಸಿಕೊಳ್ಳುವ ಡಾಕ್ಟರಮ್ಮನ ಹತ್ತಿರ ಓಡಿದೆ. ಆಕೆ ಒಳಗೆ ಟಾರ್ಚು ಬಿಟ್ಟು, "ಆರೂ ಹೋಗ್ಬೇಕು" ಎಂದರು. ಕೀಳಿಸಿಕೊಂಡು ಮನೆಗೆ ಬಂದರೆ ಹೆಂಡತಿ ನೋಡಿ, "ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ" ಎಂದಳು. ನಾನೇನೋ ಉತ್ತರ ಕೊಟ್ಟೆ. ಅವಳು, "ರೀ, ಒಂದಕ್ಷರ ತಿಳೀಲಿಲ್ಲ, ಬರೆದು ತೋರಿಸಿ" ಎಂದಳು.

ಅವಳದ್ದೇನೂ ತಪ್ಪಿಲ್ಲ. ಬಲಗಡೆಯ ದವಡೆ ಹಲ್ಲುಗಳು ಮೊದಲೇ ಹೋಗಿದ್ದವು, ಈಗ ಮುಂಬಾಗಿಲೂ ಹೋಗಿತ್ತು. ಸಾಲದ್ದಕ್ಕೆ ಬೊಚ್ಚುಬಾಯಿ ಯಾರಿಗೂ ಕಾಣಬಾರದೆಂದು ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದೆ. ಮಾತಿನಲ್ಲಿ ಅಕ್ಷರಕ್ಕಿಂತ ಗಾಳಿ ಹೆಚ್ಚು. ಲ್ಯಾಬಿನಲ್ಲಿ ಪಾಲಿಶ್ ಧೂಳಿಗೆ ಮಾಸ್ಕ್ ಹಾಕುವುದರಿಂದ ಹಗಲು ಹೇಗೋ ಮಾನ ಉಳಿಯುತ್ತಿತ್ತು.

ಒಸಡು ಮಾಗಲು ಬಿಟ್ಟು, ನನ್ನ ಹಲ್ಲನ್ನು ನಾನೇ ಮಾಡಿಕೊಳ್ಳಲು ಕೂತೆ. ನನ್ನ ಜೀವನದ ಅತ್ಯಂತ ದೊಡ್ಡ ದಡ್ಡತನ ಅಲ್ಲಿಂದ ಶುರು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹಲ್ಲುಗಳನ್ನು ಮೊದಲು ಮೇಣದಲ್ಲಿ ಕೂರಿಸುತ್ತೇವೆ. ಡಾಕ್ಟರು ಅದನ್ನು ಬಾಯಿಗೆ ಇಟ್ಟು, ರೋಗಿಯಿಂದ ನಿಧಾನವಾಗಿ ಅಂಕಿ ಹೇಳಿಸುತ್ತಾರೆ, ಪೇಪರ್ ಓದಿಸುತ್ತಾರೆ. ಸಿಳ್ಳೆ ಬಂದರೆ, ತೊದಲಿದರೆ ಹಲ್ಲನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡುತ್ತಾರೆ. ಎಲ್ಲ ಒಪ್ಪಿಗೆಯಾದ ಮೇಲೆಯೇ ಗಟ್ಟಿ ಮಾಡುವುದು. ಇದನ್ನು ನಾನು ಸಾವಿರ ಬಾಯಿಗೆ ಮಾಡಿಸಿದ್ದೇನೆ.

ನನ್ನ ಬಾಯಿಗೆ ಬಂದಾಗ ಏನಾಯಿತು? ನಾನು ಆ ಹಲ್ಲುಗಳನ್ನು 'ಲೈನಲ್ಲಿರಿ'ಗೆ ಕೂರಿಸಿದೆ. ಹನ್ನೆರಡು ಸಾಲು ಒಂದೇ ಉಸಿರಿನಲ್ಲಿ ಬರಬೇಕು, ನಾಲಿಗೆ ಎಲ್ಲೂ ತಾಗಬಾರದು, ಹಾಗಾಗಿ ಅಂಗುಳಿನ ತಗಡನ್ನು ತೆಳ್ಳಗೆ ಮಾಡಿದೆ, ಮುಂದಿನ ಎರಡು ಹಲ್ಲನ್ನು ಸ್ವಲ್ಪ ಹೊರಕ್ಕೆ ತಳ್ಳಿದೆ. ಡಾಕ್ಟರಮ್ಮ ಬಾಯಿಗೆ ಇಟ್ಟು, "ಪೇಪರ್ ಓದಿ" ಎಂದರೆ ನಾನು ಕೈಬೀಸಿ ಹಾಡು ಶುರು ಮಾಡಿದೆ. ನಲವತ್ತೆಂಟು ಸಾಲೂ ಕಡಲೆ ಉರುಳಿದ ಹಾಗೆ ಉರುಳಿದವು. ನನ್ನ ಸ್ವಂತ ಹಲ್ಲಿನಲ್ಲೂ ಅಷ್ಟು ಚೊಕ್ಕವಾಗಿ ಬಂದಿರಲಿಲ್ಲ.

"ಅದು ಸರಿ, ಮಾಮೂಲಿ ಮಾತೂ ಒಂದ್ಸಲ ಆಡಿ ನೋಡಿ" ಎಂದರು ಆಕೆ.

"ಮಾಮೂಲಿ ಮಾತಿಗೆ ಯಾಕೆ ಡಾಕ್ಟ್ರೇ ಹೊಸ ಹಲ್ಲು" ಎಂದೆ, ಅದನ್ನೂ ಗಡಿಬಿಡಿಯಲ್ಲಿ, ಎದ್ದು ನಿಂತು, ಮೇಣ ತೆಗೆಯುತ್ತ.

ಗಟ್ಟಿ ಸೆಟ್ ಬಾಯಿಗೆ ಬಂದದ್ದು ಕಾರ್ಯಕ್ರಮಕ್ಕೆ ಮೂರು ದಿನ ಮುಂಚೆ. ಆಗಲಾದರೂ ಗೊತ್ತಾಗಬೇಕಿತ್ತಲ್ಲ ಎನ್ನುತ್ತೀರಿ. ಗೊತ್ತಾಗುತ್ತಿತ್ತು, ನಾನು ಮನುಷ್ಯರ ಹಾಗೆ ಇದ್ದಿದ್ದರೆ. ಪ್ರತಿ ವರ್ಷ ಕಾರ್ಯಕ್ರಮಕ್ಕೆ ಮೂರು ದಿನ ನಾನು ಮೌನ. ಗಂಟಲಿಗೆ ವಿಶ್ರಾಂತಿ ಅಂತೆ, ದೊಡ್ಡ ಗಾಯಕರೆಲ್ಲ ಮಾಡುತ್ತಾರಂತೆ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಹೆಂಡತಿಗೆ ಕೊಡುತ್ತೇನೆ. "ವರ್ಷಕ್ಕೆ ಮೂರು ದಿನ ನಂಗೂ ರಜ" ಎಂದು ಅವಳು ಆ ದಿನಗಳಲ್ಲಿ ತನ್ನ ತಂಗಿಯನ್ನು ಮನೆಗೆ ಕರೆಸಿಕೊಂಡು ಮನಸಾರೆ ಹರಟೆ ಹೊಡೆಯುತ್ತಾಳೆ. ಲ್ಯಾಬಿನಲ್ಲಿ ಕಂಪ್ರೆಸರ್ ಹಾಕಿ, ದಿನಕ್ಕೊಮ್ಮೆ ಹಾಡನ್ನು ಪೂರ್ತಿ ಅಭ್ಯಾಸ ಮಾಡುತ್ತಿದ್ದೆ. ರ‍್ಯಾಪ್ ಮಾಡಿದರೆ ಮೌನ ಮುರಿದ ಲೆಕ್ಕವಲ್ಲ ಎಂಬ ಕಾನೂನು ನಾನೇ ಮಾಡಿಕೊಂಡದ್ದು. ಹೀಗಾಗಿ ಆ ಹಲ್ಲಿನಲ್ಲಿ ನಾನು ಒಂದೇ ಒಂದು ನಿಧಾನದ ಮಾತೂ ಆಡದೆ ಸ್ಟೇಜ್ ಹತ್ತಿದೆ.

ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ಅಕ್ಕ, ತೊಡೆಯ ಮೇಲೆ ಕೈಚೀಲ, ಚೀಲದ ಮೇಲೆ ಜೋಡಿಸಿದ ಕೈಗಳು. ಹಾಡು ಶುರು ಮಾಡಿದೆ. ಹೇಗೆ ಹೇಳಲಿ? ನಾನು ಇಪ್ಪತ್ತಾರರಲ್ಲೂ ಹಾಗೆ ಹಾಡಿರಲಿಲ್ಲ. ಒಂದಕ್ಷರ ಜಾರಲಿಲ್ಲ. 'ಮೂರನೇ ಮಹಡಿ ತಾತ'ನ ಹತ್ತಿರ ಇಡೀ ಹಾಲ್ ನನ್ನ ಜೊತೆ ಹೇಳಿತು, ನನ್ನ ಮಗಳಾಗುವ ವಯಸ್ಸಿನ ಹುಡುಗಿಯರು ಕುಣಿದರು. ಸೊಂಟ ನೋಯುತ್ತಿತ್ತು, ಆದರೂ ಕೊನೆಯಲ್ಲೊಂದು ಎಗರು ಎಗರಿದೆ. ಅಕ್ಕ ಚಪ್ಪಾಳೆ ತಟ್ಟಿದಳು, ತಟ್ಟಿ ಕೈಗಳನ್ನು ಮತ್ತೆ ಚೀಲದ ಮೇಲೆ ಇಟ್ಟು ನನ್ನನ್ನೇ ನೋಡುತ್ತ ಕೂತಳು.

ಕುರ್ಚಿ ಬಂತು, ಹಾರ ಬಂತು. ಕನ್ನಡಕದವನು ಒಂದು ಮೈಕು ತಾನು ಹಿಡಿದು ಇನ್ನೊಂದನ್ನು ನನಗೆ ಕೊಟ್ಟ. "ಸರ್, ರ‍್ಯಾಪಲ್ಲಿ ಇಪ್ಪತ್ತೈದು ವರ್ಷ ಉಳ್ಕೊಳ್ಳೋದರ ಗುಟ್ಟೇನು? ಇವರೆಲ್ಲ ಅದನ್ನ ಕೇಳೋಕೆ ಬಂದಿದ್ದಾರೆ."

ಟಿಪ್ಪಣಿಯ ಹಾಳೆಗಳನ್ನು ಮಡಚಿ ಕೆಳಗಿಟ್ಟೆ. ನೇರವಾಗಿ ವಿಷಯಕ್ಕೆ ಬರೋಣ ಎಂದು, ಗಂಭೀರವಾಗಿ, ನಿಧಾನವಾಗಿ, "ಸ್ನೇಹಿತರೇ" ಎಂದೆ.

ಸಿಳ್ಳೆ. ಅಂಥಿಂಥ ಸಿಳ್ಳೆಯಲ್ಲ, ಕುಕ್ಕರಿನ ಸಿಳ್ಳೆ. ಸೌಂಡಿನವನು ಮೈಕೇ ಕಿರುಚಿತೆಂದು ಬೆಚ್ಚಿಬಿದ್ದು ಗುಂಡಿಗಳನ್ನೆಲ್ಲ ತಿರುಗಿಸಿದ. ನಾನು ಮತ್ತೆ, "ಸತ್ಯ ಹೇಳಬೇಕಂದ್ರೆ" ಎಂದೆ. ಇನ್ನೂ ಉದ್ದದ ಸಿಳ್ಳೆ. ಕೆಳಗೆ ನಗು ಶುರುವಾಯಿತು. ನನಗೆ ಅಲ್ಲೇ, ಹಾರ ಹಾಕಿಕೊಂಡು ಕೂತಲ್ಲೇ, ಅರ್ಥವಾಯಿತು. ವೇಗದಲ್ಲಿ ಹಾಡುವಾಗ ಗಾಳಿಗೆ ನುಸುಳಲು ಪುರುಸೊತ್ತಿರಲಿಲ್ಲ. ನಿಧಾನ ಮಾಡಿದ ಕೂಡಲೇ ನಾನು ಹೊರಕ್ಕೆ ತಳ್ಳಿದ್ದ ಆ ಎರಡು ಹಲ್ಲಿನ ಸಂದಿಯಿಂದ ಅದು ಸಿಳ್ಳೆಯಾಗಿ ಹೊರಡುತ್ತಿತ್ತು. ಸಾವಿರ ಬಾಯಿಗೆ ಮಾಡಿಸಿದ ಪರೀಕ್ಷೆಯನ್ನು ಸ್ವಂತ ಬಾಯಿಗೆ ಮಾಡಿಸದ ಬೃಹಸ್ಪತಿ ನಾನು.

ಒಂದು ದಾರಿ ಇತ್ತು. ವೇಗವಾಗಿ ಹೇಳಿಬಿಡುವುದು. ಅದಕ್ಕೆ ಹೇಳಿಮಾಡಿಸಿದ ಹಲ್ಲು ಬಾಯಲ್ಲೇ ಇತ್ತು. ಹೇಳಿದ ಹಾಗೂ ಆಗುತ್ತಿತ್ತು, ಯಾರಿಗೂ ತಿಳಿಯದ ಹಾಗೂ ಆಗುತ್ತಿತ್ತು, ತಪ್ಪನ್ನು ಹಲ್ಲಿನ ತಲೆಗೆ ಕಟ್ಟಬಹುದಿತ್ತು. ನಾಲಿಗೆ ಆಗಲೇ ಓಟಕ್ಕೆ ಸಜ್ಜಾಗಿತ್ತು, ಸುಳ್ಳು ಹೇಳುವುದಿಲ್ಲ. ಅಕ್ಕನ ಕಡೆ ನೋಡಿದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಿರೀಕ್ಷೆಯೂ ಇರಲಿಲ್ಲ. ಹೀಗೇ ಆಗುತ್ತದೆಂದು ಅವಳಿಗೆ ಮೊದಲೇ ಗೊತ್ತಿದ್ದ ಹಾಗೆ, ಬಸ್ಸಿಗೆ ಹೊತ್ತಾಯಿತೇ ಎಂದು ಕೈಗಡಿಯಾರ ನೋಡಿಕೊಳ್ಳುತ್ತಿದ್ದಳು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಬಾಯಿಗೆ ಕೈ ಹಾಕಿ ಸೆಟ್ ಕಿತ್ತೆ. ಅಂಗಿಯ ಜೇಬಿಗೆ ಹಾಕಿಕೊಂಡೆ. ಹಾಲಿನಲ್ಲಿ "ಓಹೋ!" ಎಂಬ ಕೂಗೆದ್ದಿತು. ಅಭ್ಯಾಸಬಲದಿಂದ ಎಡಗೈ ತಾನಾಗಿ ಬಾಯಿಗೆ ಅಡ್ಡ ಬಂತು. ಮೈಕು ಹತ್ತಿರ ಹಿಡಿದು, ಒಂದೊಂದೇ ಪದವಾಗಿ, ಇಪ್ಪತ್ತೈದು ವರ್ಷ ನುಂಗಿಕೊಂಡಿದ್ದ ಮಾತನ್ನು ಹೇಳಿದೆ.

ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಹೊರಗೆ ಬಂದದ್ದು ಬರೀ ಗಾಳಿ, ಎಂಜಲು, ಫೂ, ಫೂ. ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಹಿಂದಿನ ಸಾಲಿನವರು ಅದಕ್ಕೆ ತಾಳ ಹಾಕತೊಡಗಿದರು. ನಾನು ಮತ್ತೆ ಹೇಳಿದೆ, ಇನ್ನೂ ನಿಧಾನವಾಗಿ. ತಾಳವೂ ನಿಧಾನವಾಯಿತು. ಕನ್ನಡಕದವನು ಹೊಟ್ಟೆ ಹಿಡಿದುಕೊಂಡು ನಗುತ್ತ, "ಸರ್, ಸೂಪರ್!" ಎಂದ. ಹೆಂಡತಿ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಆ ಗದ್ದಲದಲ್ಲಿ ನನಗೆ ಅಳುವೇ ಬಂದುಬಿಟ್ಟಿತು.

ಆಗ ಅಕ್ಕ ಎದ್ದಳು. ಕೈಚೀಲವನ್ನು ನನ್ನ ಹೆಂಡತಿಯ ಮಡಿಲಿಗೆ ಹಾಕಿ, ಪಕ್ಕದ ಮೆಟ್ಟಿಲ ಕಂಬಿ ಹಿಡಿದು, ಮಂಡಿ ನೋವಿಗೆ ಒಂದೊಂದು ಮೆಟ್ಟಿಲಿಗೂ ನಿಂತು ಮೇಲೆ ಬಂದಳು. ಕನ್ನಡಕದವನ ಕೈಯಿಂದ ಮೈಕು ತೆಗೆದುಕೊಂಡು ನನ್ನ ಪಕ್ಕದಲ್ಲಿ ನಿಂತಳು.

"ಹೇಳು" ಎಂದಳು ನನಗೆ.

ಹೇಳಿದೆ. ಅವಳು ಹಾಲಿನ ಕಡೆ ತಿರುಗಿದಳು. ಹದಿಮೂರು ವರ್ಷದಿಂದ ನಾನು ಕೇಳದ ದನಿ ಹೊರಗೆ ಬಂತು. ಏರಿಲ್ಲ, ಇಳಿತವಿಲ್ಲ, ಅವಸರವಿಲ್ಲ, ಎಂಥ ಗಲಾಟೆಯಲ್ಲೂ ಕೇಳಿಸುವ ಆಪರೇಟರ್ ದನಿ.

"'ಲೈನಲ್ಲಿರಿ ಹಾಡು ನಾನು ಬರೆದಿದ್ದಲ್ಲ' ಅಂತಿದ್ದಾರೆ."

ತಾಳ ನಿಂತಿತು. ನಾನು ಮುಂದಿನದನ್ನು ಹೇಳಿದೆ.

"'ಬರೆದಿದ್ದು ನನ್ನ ಅಕ್ಕ' ಅಂತಿದ್ದಾರೆ."

"ಯಾರು ಅಕ್ಕ?" ಎಂದು ಯಾರೋ ಕೂಗಿದರು. ನಾನು ಕೈ ತೋರಿಸಿದೆ.

"ನನ್ನ ಕಡೆ ಕೈ ತೋರಿಸ್ತಿದ್ದಾರೆ" ಎಂದಳು ಅಕ್ಕ, ಅದೇ ದನಿಯಲ್ಲಿ. ಇಡೀ ಹಾಲ್ ನಕ್ಕಿತು. ಅವಳು ನಗಲಿಲ್ಲ, ನಗು ನಿಲ್ಲುವವರೆಗೆ ಕಾದಳು, ನನ್ನ ಕಡೆ ಕಿವಿ ಬಗ್ಗಿಸಿದಳು.

"'ಮೊದಲ ಹನ್ನೆರಡು ವರ್ಷ ಅವಳ ಕೆಲಸ ಹೋಗಬಾರದು ಅಂತ ಸುಮ್ನಿದ್ದೆ. ಆಮೇಲಿನ ಹದಿಮೂರು ವರ್ಷ ನನ್ನ ಹೆದರಿಕೆಗೆ ಸುಮ್ನಿದ್ದೆ. ಈ ಹಾಡು ಹೋದ್ರೆ ನನ್ನ ಹತ್ರ ಏನೂ ಇಲ್ಲ' ಅಂತಿದ್ದಾರೆ." ಆಮೇಲೆ ನನ್ನನ್ನೇ ಕೇಳಿದಳು: "ಮುಂದೆ?"

ಮುಂದಿನದನ್ನು ಹೇಳಿದೆ.

"'ಗುಟ್ಟು ಏನು ಅಂತ ಕೇಳಿದ್ರಲ್ಲ. ಅವಳು ಬಾಯಿ ಮುಚ್ಕೊಂಡಿದ್ಲು, ಅದಕ್ಕೆ ನನ್ನ ಬಾಯಿ ನಡೀತು. ಅಷ್ಟೇ ಗುಟ್ಟು' ಅಂತಿದ್ದಾರೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ. ನಾನು ಮೈಕನ್ನು ಕುರ್ಚಿಯ ಮೇಲೆ ಇಟ್ಟು ಎದ್ದು ನಿಂತೆ. ಬಾಯಿಗೆ ಅಡ್ಡವಿದ್ದ ಕೈಯನ್ನು ಇಳಿಸಿದೆ. ಮುಂದಿನ ಸಾಲಿನವರಿಗೆಲ್ಲ ನನ್ನ ಬೊಚ್ಚುಬಾಯಿ ಕಂಡಿರಬೇಕು, ಕಾಣಲಿ. ಅಕ್ಕನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದೆ.

ಅಕ್ಕ ಮೈಕನ್ನು ಬಾಯಿಯ ಹತ್ತಿರ ತಂದಳು. ಏನೂ ಹೇಳದೆ ಇಳಿಸಿದಳು. ಹಾಲಿನ ಕೊನೆಯ ಸಾಲಿನವರೂ ಕತ್ತು ಚಾಚಿ ಕಾದರು.

"ಅಮ್ಮಾ, ಈಗೇನಂದ್ರು ಸರ್?" ಎಂದು ಕನ್ನಡಕದವನು ಮೆಲ್ಲಗೆ ಕೇಳಿದ.

"ಅದು ನಂಗೆ ಹೇಳಿದ್ದು" ಎಂದು ಅಕ್ಕ ಅವನ ಮೈಕು ಅವನ ಕೈಗೆ ಕೊಟ್ಟಳು.